ಆ ಮಗು ಹೇಗೆ ದಾಟಿತು?

ಬಾಲ್ಯದಲ್ಲಿ ಪೆಟ್ಟು ತಿಂದವರಿಗೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮೊದಲು ಸಿಗುವ ಬುದ್ಧಿಮಾತು, ‘ಆಗಿದ್ದು ಆಯ್ತು, ಹಳೇದನ್ನ ಯಾಕೆ ಕೆದಕ್ತೀಯ?’ ಮರೆಯಬೇಕೆಂಬ ಆಸೆ ಅವರಿಗೂ ಇದೆ. ಆದರೆ ಮಕ್ಕಳೊಂದಿಗರಾದ ಮೇಲೂ ಯಾರಾದರೂ ದನಿ ಏರಿಸಿದರೆ ಅಂಗೈ ಬೆವರುತ್ತದೆ. ರಾತ್ರಿ ಬೀದಿಯಲ್ಲಿ ಕುಡುಕರ ಕೂಗು ಕೇಳಿದರೆ ನಿದ್ದೆ ಹಾರುತ್ತದೆ. ಹೀಗಿರುವಾಗ ನೆನಪನ್ನು ಅದುಮಿಡುವುದಕ್ಕಿಂತ ಅದನ್ನು ಪೂರ್ತಿಯಾಗಿ ನೋಡುವುದು ಒಳ್ಳೆಯದು. ನನಗೆ ಏನಾಯಿತು ಎಂದು ಕೇಳಿಕೊಂಡಷ್ಟೇ ಗಮನವಿಟ್ಟು, ಆಗ ನಾನು ಏನು ಮಾಡಿದೆ ಎಂದೂ ಕೇಳಿಕೊಳ್ಳಬೇಕು.

ಅಮ್ಮ ಅಡಿಕೆ ಸುಲಿಯಲು ಹೋದ ರಾತ್ರಿಗಳಲ್ಲಿ ಒಲೆ ಹಚ್ಚಿ, ಮುದ್ದೆ ಮಾಡಿ, ತಮ್ಮ ತಂಗಿಯರಿಗೆ ಉಣ್ಣಿಸಿ ಮಲಗಿಸಿದ ಹುಡುಗಿಯರು ತರೀಕೆರೆ ಸೀಮೆಯಲ್ಲಿದ್ದಾರೆ. ಈರುಳ್ಳಿ ಹೊಲದ ಕೂಲಿ ದುಡ್ಡಲ್ಲಿ ನೋಟ್‌ಬುಕ್ ಕೊಂಡ ಹುಡುಗರು ಅಜ್ಜಂಪುರದ ಕಡೆ ಇದ್ದಾರೆ. ಅಪ್ಪನ ಕೋಪ ಏರುವ ಹೊತ್ತು ತಿಳಿದು ಪಕ್ಕದ ಮನೆ ಅಜ್ಜಿಯ ಹತ್ತಿರ ಹೋಗಿ ಕೂತವರು ಎಲ್ಲ ಊರಲ್ಲೂ ಇದ್ದಾರೆ. ಇವರನ್ನು ಕೇಳಿದರೆ, ‘ನಾನೇನು ಮಾಡಿದೆ, ಸುಮ್ಮನೆ ಸಹಿಸಿಕೊಂಡೆ’ ಅನ್ನುತ್ತಾರೆ. ಸುಮ್ಮನೆ ಸಹಿಸಿದ್ದಲ್ಲ ಅದು. ಅಪಾಯ ಅರಿತದ್ದು, ಆಸರೆ ಹುಡುಕಿದ್ದು, ತನಗಿಂತ ಚಿಕ್ಕವರನ್ನು ಕಾದದ್ದು.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪ ಎಳೆಯ ವಯಸ್ಸಿನಲ್ಲೇ ಪ್ಲೇಗಿಗೆ ಒಡಹುಟ್ಟಿದವರನ್ನೂ ತಾಯಿಯನ್ನೂ ಕಳೆದುಕೊಂಡರು. ಸಣ್ಣಪುಟ್ಟ ಕೆಲಸ ಮಾಡಿ ಓದಿದರು. ನಡುವೆ ಓದು ಬಿಟ್ಟು ಅಲೆದರು, ಮುಂಬಯಿಯಲ್ಲಿ ರೈಲ್ವೆ ಕೂಲಿಯಾದರು. ಮತ್ತೆ ಮೈಸೂರಿಗೆ ಬಂದು ತತ್ವಶಾಸ್ತ್ರ ಓದಿ ಅಧ್ಯಾಪಕರಾದರು. 1970ರಲ್ಲಿ ಬಂದ ಅವರ ಕಾದಂಬರಿ ‘ಗೃಹಭಂಗ’ದಲ್ಲಿ ಅದೇ ಬಗೆಯ ಊರು, ಪ್ಲೇಗು ಇವೆ; ಸಂಸಾರ ಹೊತ್ತ ತಾಯಿಯೊಬ್ಬಳಿದ್ದಾಳೆ. ಆತ್ಮಕಥೆ ‘ಭಿತ್ತಿ’ಯಲ್ಲಿ ಆ ದಿನಗಳನ್ನು ನೇರವಾಗಿಯೇ ಬರೆದರು. ಅವರು ಹಳೆಯದನ್ನು ಕೆದಕಿದರು. ಕೆದಕಿದ್ದರಿಂದಲೇ ಅದಕ್ಕೊಂದು ರೂಪ ಕೊಟ್ಟರು. ಅವರ ಪ್ರತಿಭೆ ಎಲ್ಲರಿಗೂ ಇರಲಾರದು. ಆದರೆ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ.

ಹೀಗೆ ದಾಟಿದವರು ಒಬ್ಬಿಬ್ಬರಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ನೆಮ್ಮದಿಯ, ಜವಾಬ್ದಾರಿಯ ಬದುಕು ಕಟ್ಟಿಕೊಂಡಿತ್ತು. ಅವರಲ್ಲಿ ಬಹಳ ಜನಕ್ಕೆ ಅಜ್ಜಿಯೋ ಮೇಷ್ಟರೋ ನೆರೆಯವರೋ, ನೆಚ್ಚಬಹುದಾದ ಹಿರಿಯರೊಬ್ಬರಾದರೂ ಇದ್ದರು. ಹದಿಹರೆಯದಲ್ಲಿ ಹಾದಿ ತಪ್ಪಿದ್ದ ಎಷ್ಟೋ ಮಂದಿ ನಡುವಯಸ್ಸಿನ ಹೊತ್ತಿಗೆ ಚೇತರಿಸಿಕೊಂಡಿದ್ದರು ಎಂಬುದು ನಮಗೆ ಇನ್ನೂ ದೊಡ್ಡ ಧೈರ್ಯ. ತಡವಾಯಿತು ಎಂದುಕೊಳ್ಳಬೇಕಿಲ್ಲ.

ಬರ ಕಂಡ ಕಡೂರಿನ ತೆಂಗಿನ ಮರ ನೋಡಿ. ನೀರಿಲ್ಲದ ವರ್ಷಗಳಲ್ಲಿ ಸಣ್ಣಗಾದ ಕಾಂಡ ಅಲ್ಲಿ ಹಾಗೆಯೇ ಉಳಿಯುತ್ತದೆ. ನೀರು ಸಿಕ್ಕ ಮೇಲೆ ಅದರ ಮೇಲಿನ ಭಾಗ ಮತ್ತೆ ತುಂಬಿಕೊಂಡು ಬೆಳೆಯುತ್ತದೆ. ಮರ ಗಟ್ಟಿಯಿತ್ತು ನಿಜ; ಆದರೆ ನೀರೂ ಬೇಕಿತ್ತು.

ಏನು ಮಾಡಬಹುದು?

ಮೊದಲು ಒಂದು ಪುಸ್ತಕದಲ್ಲಿ ಬರೆಯಿರಿ: ಆಗ ನನ್ನನ್ನು ಕಾಪಾಡಿದ್ದು ಯಾವುದು? ಓದು, ದೇವಸ್ಥಾನದ ಜಗುಲಿ, ದನ ಮೇಯಿಸುವ ನೆಪ, ಗೆಳತಿಯ ಮನೆ, ಏನೇ ಇರಲಿ. ದೊಡ್ಡ ಘಟನೆಯಿಂದ ಶುರು ಮಾಡಬೇಡಿ. ಉಸಿರು ಕಟ್ಟಿದಂತಾದರೆ ಪುಸ್ತಕ ಮುಚ್ಚಿಡಿ.

ಆಮೇಲೆ ಅದರಲ್ಲಿ ಕಾಣುವ ನಿಮ್ಮ ಗುಣವನ್ನು ಇಂದಿನ ಕಷ್ಟದ ಪಕ್ಕಕ್ಕಿಡಿ. ಅಂದು ಪಕ್ಕದ ಮನೆಗೆ ಹೋಗಿ ಕೂತ ಮಗುವಿಗೆ ಆಸರೆ ಕೇಳಲು ಗೊತ್ತಿತ್ತು. ಇಂದು ನೀವೂ ಒಬ್ಬರ ಬಳಿ ಬಾಯಿಬಿಟ್ಟು ಹೇಳಿ.

ಮೂರನೆಯದು, ಕೆಲವು ಅಭ್ಯಾಸಗಳಿಗೆ ಬಿಡುವು ಕೊಡಿ. ಮಾತಾಡದೆ ಇರುವುದು, ಎಲ್ಲರ ಮುಖ ನೋಡಿ ನಡೆಯುವುದು, ಎಲ್ಲ ಹೊರೆ ಹೊರುವುದು ಅಂದು ಜೀವ ಉಳಿಸಿದವು. ಇಂದು ಅವು ಗಂಡ-ಹೆಂಡಿರ ನಡುವೆ, ಕೆಲಸದ ಜಾಗದಲ್ಲಿ ನಿಮ್ಮನ್ನು ಕುಗ್ಗಿಸುತ್ತಿರಬಹುದು.

ನೆನಪು ಮೇಲೆ ಬಿದ್ದು ನಿದ್ದೆ, ಊಟ ಕೆಡಿಸಿದರೆ ವೈದ್ಯರ ನೆರವು ಪಡೆಯಿರಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಯಾವುದಾದರೂ ಮಗು ಈಗ ನೋಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಕಷ್ಟ ಕೊಟ್ಟವರೇ ನಮ್ಮನ್ನು ಗಟ್ಟಿ ಮಾಡಿದರು ಎಂದು ಅವರಿಗೆ ಹಿರಿಮೆ ಕೊಡುವುದು ಬೇಡ. ಗಟ್ಟಿಯಾದದ್ದು ಆ ಮಗುವಿನ ಸಾಹಸದಿಂದ, ಕೈಹಿಡಿದ ಒಬ್ಬಿಬ್ಬರ ಪ್ರೀತಿಯಿಂದ. ಆ ಒಬ್ಬಿಬ್ಬರು ಬದುಕಿದ್ದರೆ ಹೋಗಿ ಮಾತಾಡಿಸಿ ಬನ್ನಿ. ನಿಮ್ಮ ಬೀದಿಯ ಮಗುವೊಂದು ನಿಮ್ಮ ಜಗುಲಿಗೆ ಬಂದು ಕೂತರೆ, ಯಾಕೆ ಬಂದೆ ಎಂದು ಕೇಳುವ ಮೊದಲು ಊಟ ಆಯ್ತಾ ಎಂದು ಕೇಳಿ.