ಲೆಕ್ಕ ಬರೆಯುವ ಮೂರನೆಯ ಕೈ

“ಅಣ್ಣತಮ್ಮಂದಿರ ನಡುವೆ ಎಂಥ ಲೆಕ್ಕ?” ಕೇಳಲು ಎಷ್ಟು ಹಿತವಾದ ಮಾತು! ನಮ್ಮ ಬೀದಿಯ ಇಬ್ಬರು ಸಹೋದರರು ಈ ಮಾತಿನ ಮೇಲೆಯೇ ಇಪ್ಪತ್ತು ವರ್ಷ ಕಿರಾಣಿ ಅಂಗಡಿ ನಡೆಸಿದರು. ಗಲ್ಲಾಪೆಟ್ಟಿಗೆ ಒಂದು, ಅದರೊಳಗೆ ಹೋಗುವ ಕೈಗಳು ಎರಡು. ಅಣ್ಣನ ಮಗಳ ಮದುವೆಗೂ ಅಲ್ಲಿಂದಲೇ ಹಣ, ತಮ್ಮನ ಮನೆಯ ತಾರಸಿಗೂ ಅಲ್ಲಿಂದಲೇ. ಯಾರೂ ಬರೆದಿಡಲಿಲ್ಲ, ಯಾರೂ ಕೇಳಲಿಲ್ಲ. ಒಂದು ದಿನ ಅಣ್ಣ ತೀರಿಕೊಂಡರು. ಕೆಲವು ತಿಂಗಳು ಕಳೆದ ಮೇಲೆ ಅತ್ತಿಗೆ ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳಿದರು: “ಭಾಯಿ, ಮಕ್ಕಳ ಪಾಲು ಎಷ್ಟಾಗುತ್ತದೆ?” ತಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಆತ ಮೋಸ ಮಾಡುವ ಮನುಷ್ಯನಲ್ಲ. ಆದರೆ ತನ್ನ ಪ್ರಾಮಾಣಿಕತೆಯನ್ನು ತೋರಿಸಲು ಆತನ ಬಳಿ ಒಂದು ಹಾಳೆಯೂ ಇರಲಿಲ್ಲ. ಇಂದಿಗೂ ಆ ಎರಡು ಮನೆಗಳ ನಡುವೆ ಹಬ್ಬದ ಶೀರ್‌ಖುರ್ಮಾ ಕೂಡ ದಾಟುವುದಿಲ್ಲ.

ಚಿಕ್ಕ ವ್ಯಾಪಾರಿಗೆ ಲೆಕ್ಕ ಬರೆಯುವ ಒಬ್ಬ ಮನುಷ್ಯ ಬೇಕೇ ಎಂದರೆ ನಾವು ತಕ್ಷಣ ಖರ್ಚಿನ ಮಾತಾಡುತ್ತೇವೆ. ಅದು ದೊಡ್ಡ ಕಂಪನಿಗಳ ವಿಷಯ, ನಮ್ಮಂಥವರಿಗೇಕೆ ಎನ್ನುತ್ತೇವೆ. ಆದರೆ ಇದು ಖರ್ಚಿನ ಪ್ರಶ್ನೆಯಾಗುವುದಕ್ಕೆ ಮೊದಲು ನೀತಿಯ ಪ್ರಶ್ನೆ. ನಮ್ಮ ಗಲ್ಲಾದಲ್ಲಿರುವ ಹಣವೆಲ್ಲ ನಮ್ಮದೇ?

ಒಂದು ಚಿಕ್ಕ ಅಂಗಡಿಯನ್ನು ಊಹಿಸಿಕೊಳ್ಳೋಣ. ದಿನಕ್ಕೆ 10,000 ರೂಪಾಯಿ ವ್ಯಾಪಾರ. ನೂರಕ್ಕೆ ಹತ್ತರಂತೆ ಸಿಗುವುದು 1,000. ಅದರಲ್ಲಿ ಬಾಡಿಗೆ, ಕರೆಂಟಿಗೆ 300, ಕೆಲಸದ ಹುಡುಗನಿಗೆ 400. ಉಳಿಯುವುದು 300. ಆದರೆ ರಾತ್ರಿ ಬಾಗಿಲು ಹಾಕುವಾಗ ಗಲ್ಲಾ ತುಂಬಿರುತ್ತದೆ. ತುಂಬಿದ ಗಲ್ಲಾ ನೋಡಿ ಅಂಗಡಿಯಾತ ಮನೆ ಖರ್ಚಿಗೆಂದು 600 ತೆಗೆದುಕೊಳ್ಳುತ್ತಾನೆ. ಹೆಚ್ಚಾಗಿ ತೆಗೆದ 300 ಯಾರದು? ಸಾಲದಲ್ಲಿ ಮಾಲು ಕಳಿಸಿದ ಮಂಡಿಯವರದು. ತಿಂಗಳಿಗೆ 9,000, ವರ್ಷಕ್ಕೆ ಒಂದು ಲಕ್ಷಕ್ಕೂ ಮೇಲೆ. ಯಾರಿಗೂ ಮೋಸ ಮಾಡಬೇಕೆಂಬ ಯೋಚನೆಯೇ ಇಲ್ಲದೆ ಆತ ಇನ್ನೊಬ್ಬರ ಹಣವನ್ನು ಉಣ್ಣುತ್ತಿದ್ದಾನೆ. ಮಂಡಿಯವರು ಬಂದು ಕೂತಾಗ, “ವ್ಯಾಪಾರ ಚೆನ್ನಾಗಿಯೇ ಇತ್ತಲ್ಲ, ಹಣ ಎಲ್ಲಿ ಹೋಯಿತು?” ಎಂದು ಅವನೇ ಬೆರಗಾಗುತ್ತಾನೆ.

ನಮ್ಮ ಲೆಕ್ಕ ನಾವೇ ಬರೆದುಕೊಂಡರೆ ಸಾಲದೇ ಎನ್ನಬಹುದು. ಸಾಲದು. ನಮ್ಮ ಕೈಗೆ ನಮ್ಮ ಮೇಲೆ ಪ್ರೀತಿ ಹೆಚ್ಚು. ಕೆಲಸದ ಹುಡುಗ ಒಂದು ಕಿಲೋ ಸಕ್ಕರೆ ಒಯ್ದರೆ ಸಂಜೆಯೊಳಗೆ ಅವನ ಹೆಸರಿಗೆ ಬರೆಯುತ್ತೇವೆ. ನಮ್ಮ ಮನೆಗೆ ಹೋದ ಸಕ್ಕರೆಗೆ ಚೀಟಿ ಹರಿಯುವುದಿಲ್ಲ. ನಮಗೆ ಬರಬೇಕಾದ ಉದ್ರಿ ಬಾಯಿಪಾಠವಾಗಿರುತ್ತದೆ, ನಾವು ಕೊಡಬೇಕಾದದ್ದು ಮರೆತುಹೋಗುತ್ತದೆ. “ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ” ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಕುರ್‌ಆನಿನ ಅತ್ಯಂತ ದೀರ್ಘವಾದ ವಚನ ಯಾವುದರ ಬಗ್ಗೆ ಇದೆ ಎಂದು ಕೇಳಿದರೆ ಅನೇಕರು ತಡವರಿಸುತ್ತಾರೆ. ಅದು ಅಲ್‌ ಬಕರ ಅಧ್ಯಾಯದ 282ನೆಯ ವಚನ. ವಿಷಯ, ಸಾಲದ ಲೆಕ್ಕ ಬರೆಯುವುದು. ಕೊಟ್ಟವನೂ ಪಡೆದವನೂ ಅಲ್ಲದ ಒಬ್ಬ ಬರಹಗಾರ ನ್ಯಾಯದಿಂದ ಬರೆಯಲಿ, ಸಾಲ ತೀರಿಸಬೇಕಾದವನೇ ಅದನ್ನು ಹೇಳಿ ಬರೆಸಲಿ, ಮೊತ್ತ ಚಿಕ್ಕದಾದರೂ ಬರೆಯಲು ಬೇಸರಿಸಬೇಡಿ ಎಂಬುದು ಅದರ ಆಶಯ. ಅಂದರೆ ಮೂರನೆಯ ಕೈ. ಅದನ್ನು ಕರೆಯುವುದು ಅಪನಂಬಿಕೆಯ ಗುರುತಲ್ಲ, ನಂಬಿಕೆಗೆ ಹಾಕುವ ಬೇಲಿ. ಉರ್ದುವಿನಲ್ಲಿ ಒಂದು ಮಾತಿದೆ: “ಹಿಸಾಬ್ ಜೌ ಜೌ, ಬಖ್ಶಿಶ್ ಸೌ ಸೌ.” ಲೆಕ್ಕ ಬಾರ್ಲಿಯ ಕಾಳು ಕಾಳಿಗೂ ಇರಲಿ, ಕೊಡುವಾಗ ನೂರು ನೂರಾಗಿ ಕೊಡು. ಉದಾರಿಯಾಗುವವನಿಗೂ ತನ್ನದೆಷ್ಟು ಎಂದು ಮೊದಲು ಗೊತ್ತಿರಬೇಕು. ಮಾಲೆಷ್ಟು, ಬಾಕಿಯೆಷ್ಟು ಎಂದು ತಿಳಿಯದವನು ಝಕಾತಿನ ನಲವತ್ತನೆಯ ಒಂದು ಪಾಲನ್ನು ಹೇಗೆ ತೆಗೆದಾನು? ಅಂದಾಜಿನಲ್ಲಿ ಕೊಟ್ಟಾಗ ಬಡವನ ಹಕ್ಕೇ ಕಡಿಮೆಯಾಗುವುದು ಹೆಚ್ಚು.

ಲೆಕ್ಕವಿಲ್ಲದಿರುವುದರ ಬೆಲೆಯೇನೆಂದು 2025ರ ಜುಲೈಯಲ್ಲಿ ಕರ್ನಾಟಕದ ಸಾವಿರಾರು ಚಿಕ್ಕ ವ್ಯಾಪಾರಿಗಳು ಕಂಡರು. 2021-22ರಿಂದ ನಾಲ್ಕು ವರ್ಷಗಳಲ್ಲಿ ಯುಪಿಐ ಮೂಲಕ ಬಂದ ಹಣವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆ ನೀಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬೇಕರಿ, ಚಹಾ ಅಂಗಡಿಗಳಷ್ಟೇ ಅಲ್ಲ, ತೆರಿಗೆಯೇ ಇಲ್ಲದ ತಾಜಾ ತರಕಾರಿ ಮಾರುವವರೂ ಕಂಗಾಲಾದರು. “ಯುಪಿಐ ಇಲ್ಲ, ನಗದು ಮಾತ್ರ” ಎಂಬ ಚೀಟಿಗಳು ಬೆಂಗಳೂರಿನ ಅಂಗಡಿಗಳಲ್ಲಿ ಕಾಣಿಸಿಕೊಂಡವು. ನೋಂದಣಿ ಮಾಡಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಸರಕಾರ ಭರವಸೆ ಕೊಟ್ಟ ಮೇಲೆ ಆ ಭಯ ಸ್ವಲ್ಪ ತಗ್ಗಿತು. ಇಲಾಖೆ ಮೊದಲೇ ತಿಳಿವಳಿಕೆ ಕೊಡಬೇಕಿತ್ತು ಎಂಬ ದೂರು ನ್ಯಾಯವಾದದ್ದೇ. ಆದರೆ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಮಾತೂ ಇದೆ. ಸ್ನೇಹಿತ ಕೊಟ್ಟ ಕೈಗಡವೂ ಮಗಳು ಕಳಿಸಿದ ಹಣವೂ ವ್ಯಾಪಾರದ ಹಣವೂ ಒಂದೇ ಫೋನಿಗೆ ಬಂದಿದ್ದರೆ ಬೇರ್ಪಡಿಸಿ ತೋರಿಸುವವರು ಯಾರು? ಫೋನು ಮೊತ್ತವನ್ನು ಹೇಳುತ್ತದೆ, ಅದರ ಹಿಂದಿನ ಕತೆಯನ್ನು ಹೇಳುವುದಿಲ್ಲ. ಆ ಕತೆ ಹೇಳುವುದು ಖರೀದಿಯ ಬಿಲ್ಲುಗಳು ಮತ್ತು ಅಂದಂದೇ ಬರೆದ ಪುಸ್ತಕ.

ಲೆಕ್ಕ ಬರೆಯುವವರೆಲ್ಲ ಸಾಚಾಗಳೇ ಎಂದು ಕೇಳುವವರಿದ್ದಾರೆ. ಇಲ್ಲ. ತೋರಿಸಲು ಒಂದು, ಬಚ್ಚಿಡಲು ಒಂದು ಎಂದು ಎರಡು ಪುಸ್ತಕ ಇಡುವ ಜಾಣರೂ ಇದ್ದಾರೆ. ಆದರೆ ಅಂಥವರನ್ನು ಹುಡುಕಿಕೊಂಡು ಹೋಗುವವರು ನಾವೇ. ಸುಳ್ಳನ್ನು ಸಂಬಳ ಕೊಟ್ಟು ಬರೆಸುವುದಕ್ಕಿಂತ ಬರೆಸದಿರುವುದೇ ಮೇಲು. “ತೆರಿಗೆ ಎಷ್ಟು ಉಳಿಸುತ್ತೀರಿ?” ಎಂದು ಕೇಳುವ ಮೊದಲು “ನನ್ನ ಅಂಗಡಿಯ ನಿಜ ಸ್ಥಿತಿ ಹೇಳುತ್ತೀರಾ?” ಎಂದು ಕೇಳಿದರೆ ಬೇರೆ ಬಗೆಯ ಮನುಷ್ಯ ಸಿಗುತ್ತಾನೆ.

ಅದಕ್ಕೆ ತಿಂಗಳ ಪೂರ್ತಿ ಸಂಬಳವೇ ಬೇಕೆಂದಿಲ್ಲ. ಬಿ.ಕಾಂ. ಓದಿ ಮನೆಯಲ್ಲಿ ಕುಳಿತ ಹುಡುಗ ಹುಡುಗಿಯರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟಿಲ್ಲ! ನಾಲ್ಕೈದು ಅಂಗಡಿಗಳು ಸೇರಿ ಒಬ್ಬರಿಗೆ ಕೆಲಸ ಕೊಡಬಹುದು. ವಾರಕ್ಕೆ ಒಂದು ಸಂಜೆ ಪ್ರತಿ ಅಂಗಡಿಗೆ ಸಾಕು. ತೆರಿಗೆಯ ತೊಡಕುಗಳಿಗೆ ಮಾತ್ರ ಪರಿಣತರ ಬಳಿ ಹೋದರಾಯಿತು.

ನಮ್ಮ ಬೀದಿಯ ಆ ತಮ್ಮ ಈಗ ಲೆಕ್ಕ ಬರೆಸುತ್ತಾರೆ. ಪಕ್ಕದ ಮನೆಯ ಹುಡುಗಿಯೊಬ್ಬಳು ವಾರಕ್ಕೊಮ್ಮೆ ಬಂದು ಬರೆದು ಹೋಗುತ್ತಾಳೆ. ಒಂದು ಸಂಜೆ ಆ ಪುಸ್ತಕದ ಮೇಲೆ ಕೈಯಿಟ್ಟು ಅವರು ಹೇಳಿದರು: “ಇದು ಆಗಲೇ ಇದ್ದಿದ್ದರೆ, ಭಾಭಿ ನನ್ನನ್ನು ಕೇಳಬೇಕಾಗಿಯೇ ಇರಲಿಲ್ಲ. ನಾನೇ ಹೋಗಿ ಕೊಟ್ಟು ಬರುತ್ತಿದ್ದೆ.”