ಕೊಂಬೆ ಬೀಳುವ ಮುನ್ನ

ಹೂಮಳೆ ಬಿದ್ದು ಕಾಫಿ ಹೂವು ಉದುರಿದ ಮೇಲೆ ಗೋಣಿಬೀಡಿನ ಸುತ್ತಮುತ್ತಲ ತೋಟಗಳಲ್ಲಿ ಮರಗಸಿಯ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸದ, ಸದ್ದು ಶುರುವಾಗುತ್ತದೆ. ಮಳೆಗಾಲಕ್ಕೆ ಮೊದಲು ನೆರಳು ತೆಳುವಾಗದಿದ್ದರೆ ಆಷಾಢದ ಥಂಡಿಯಲ್ಲಿ ಕೊಳೆರೋಗ ಬರುತ್ತದೆಂಬುದು ತೋಟ ಇದ್ದವರಿಗೆಲ್ಲ ಗೊತ್ತು. ಅತ್ತಿ, ಹಲಸು, ಬಸರಿ ಮರಗಳ ತುದಿಯಲ್ಲಿ ಕಾಲೂರಿ ಕತ್ತಿ ಬೀಸುವವರನ್ನು ಕೆಳಗಿನಿಂದ ನೋಡಿದರೆ ನಮ್ಮ ಅಂಗಾಲು ಜುಮ್ಮೆನ್ನುತ್ತದೆ. ಅವರಲ್ಲಿ ನುರಿತವರು ಕೊಂಬೆಗೆ ಕೊನೆಯ ಏಟು ಹಾಕುವ ಮುನ್ನ ಕತ್ತಿ ತಡೆದು ಕೂಗುತ್ತಾರೆ: “ಕೆಳಗೆ ಯಾರಿದ್ದೀರಿ? ಕೊಂಬೆ ಬರ್ತದೆ, ಆಚೆ ಸರೀರಿ!” ಉತ್ತರ ಬಂದರೂ ಒಮ್ಮೆ ಬಗ್ಗಿ ನೋಡುತ್ತಾರೆ. ಗಿಡದ ಬುಡದಲ್ಲಿ ತಲೆ ತಗ್ಗಿಸಿ ಕಳೆ ತೆಗೆಯುತ್ತಿರುವ ಹೆಂಗಸಿಗೆ ಮೇಲಿನದು ಕಾಣುವುದಿಲ್ಲ, ಮೇಲಿದ್ದವನಿಗೆ ಅವಳು ಕಾಣುತ್ತಾಳೆ. “ಅವಳೇ ಮೇಲೆ ನೋಡಬೇಕಿತ್ತು” ಎಂದು ಜಾರಿಕೊಳ್ಳುವವನನ್ನು ಮರುವರ್ಷ ಯಾರೂ ಮರಗಸಿಗೆ ಕರೆಯುವುದಿಲ್ಲ.

ಇದೇ ದಿನಗಳಲ್ಲಿ ಅತ್ತ ಅಮೆರಿಕ, ಕೆನಡಾಗಳಲ್ಲಿ ಐಸ್ ಹಾಕಿಯ ಪ್ಲೇಆಫ್ ಕಾವೇರಿರುತ್ತದೆ. ಟೊರಾಂಟೊದಲ್ಲಿರುವ ನಮ್ಮ ಬಂಧುಗಳ ಮಗ ಫೋನ್ ಮಾಡಿದಾಗಲೆಲ್ಲ ಅದರದೇ ಸುದ್ದಿ. ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡುವ ಆಟ. ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ. ಎದುರಾಳಿಯನ್ನು ಭುಜದಿಂದ ಗುದ್ದಿ ಬೀಳಿಸುವುದಕ್ಕೂ ಅಲ್ಲಿ ನಿಯಮದಲ್ಲೇ ಅವಕಾಶವಿದೆ. ಹಾಗಾಗಿ ಯಾವುದು ಆಟದ ಗುದ್ದು, ಯಾವುದು ಅಪಾಯದ ಗುದ್ದು ಎಂಬ ಜಗಳ ವರ್ಷವರ್ಷವೂ ಇದ್ದದ್ದೇ. 2012ರ ಏಪ್ರಿಲ್ 17ರಂದು ಷಿಕಾಗೊದಲ್ಲಿ ಫೀನಿಕ್ಸ್ ತಂಡದ ರಾಫಿ ಟೋರೆಸ್, ಆಗಲೇ ಪಕ್ ಬಿಟ್ಟುಕೊಟ್ಟಿದ್ದ ಮರಿಯನ್ ಹೋಸಾ ಅವರ ತಲೆಗೆ ಹಾರಿ ಭುಜದಿಂದ ಗುದ್ದಿದರು. ಹೋಸಾ ಅವರನ್ನು ಸ್ಟ್ರೆಚರ್ ಮೇಲೆ ಹೊರಗೆ ಒಯ್ಯಬೇಕಾಯಿತು. ಕಣದಲ್ಲಿ ನಾಲ್ವರು ತೀರ್ಪುಗಾರರಿದ್ದರು. ಒಬ್ಬರೂ ಶಿಕ್ಷೆ ಕೊಡಲಿಲ್ಲ. ಪಂದ್ಯಾವಳಿ ನಡೆಸುವ ಲೀಗ್ ಆಮೇಲೆ ವಿಡಿಯೊ ನೋಡಿ 25 ಪಂದ್ಯಗಳ ನಿಷೇಧ ಹೇರಿತು, ಮೇಲ್ಮನವಿಯಲ್ಲಿ ಅದು 21ಕ್ಕೆ ಇಳಿಯಿತು.

ಅದಕ್ಕೂ ಎರಡು ವರ್ಷ ಹಿಂದಿನ ಘಟನೆ ನನ್ನನ್ನು ಹೆಚ್ಚು ಕಾಡಿದೆ. 2010ರ ಮಾರ್ಚ್‌ನಲ್ಲಿ ಬಾಸ್ಟನ್ ತಂಡದ ಮಾರ್ಕ್ ಸವಾರ್ಡ್ ಗೋಲಿನತ್ತ ಪಕ್ ಹೊಡೆದು ಇನ್ನೂ ಅತ್ತಲೇ ನೋಡುತ್ತಿದ್ದಾಗ, ಪಿಟ್ಸ್‌ಬರ್ಗ್‌ನ ಮ್ಯಾಟ್ ಕುಕ್, ಸವಾರ್ಡ್ ಕಣ್ಣಿಗೆ ಬೀಳದ ಕಡೆಯಿಂದ ಬಂದು ತಲೆಗೆ ಗುದ್ದಿದರು. ಅಂದಿನ ನಿಯಮದಲ್ಲಿ ಅದು ತಪ್ಪೇ ಅಲ್ಲ. ಒಂದು ಪಂದ್ಯದ ನಿಷೇಧವೂ ಆಗಲಿಲ್ಲ. ತಲೆ ಎತ್ತಿಕೊಂಡು ಆಡಬೇಕಾದ್ದು ಪೆಟ್ಟು ತಿನ್ನುವವನ ಹೊಣೆ ಎಂಬುದು ಆ ಆಟದ ಹಳೆಯ ನಂಬಿಕೆ. ಸವಾರ್ಡ್ ಆಟಕ್ಕೆ ಮರಳಿ ಬಂದರೂ ತಲೆಗೆ ಮತ್ತೆ ಪೆಟ್ಟಾಗಿ 2011ರ ಜನವರಿಯ ನಂತರ ಆಡಲೇ ಇಲ್ಲ. ಆ ಗುದ್ದಿನ ಬೆನ್ನಿಗೇ ಲೀಗ್ ನಿಯಮ ತಿದ್ದಿತು: ನೋಡದೆ ಇರುವವನ ತಲೆಗೆ ಪಕ್ಕದಿಂದ ಗುದ್ದುವುದು ಅಪರಾಧವಾಯಿತು. ಅಂದರೆ ಹೊಣೆ ಕೆಳಗಿನವನಿಂದ ಮೇಲಿದ್ದವನಿಗೆ ಬಂತು. ಕುಕ್ ಅವರ ಕಥೆ ಅಲ್ಲಿಗೇ ಮುಗಿಯಲಿಲ್ಲ. 2011ರಲ್ಲಿ ಇನ್ನೊಬ್ಬ ಆಟಗಾರನಿಗೆ ಮೊಣಕೈಯಿಂದ ಹೊಡೆದದ್ದಕ್ಕೆ ಅವರನ್ನು ಋತುವಿನ ಉಳಿದ ಪಂದ್ಯಗಳಿಂದಲೂ ಪ್ಲೇಆಫ್‌ನ ಮೊದಲ ಸುತ್ತಿನಿಂದಲೂ ಹೊರಗಿಟ್ಟರು. ಆಮೇಲೆ ಅವರು ತಮ್ಮ ಆಟದ ರೀತಿಯನ್ನೇ ತಿದ್ದಿಕೊಂಡರು. ಆ ಋತುವಿನಲ್ಲಿ 129 ನಿಮಿಷಗಳಿದ್ದ, ತಪ್ಪಿಗಾಗಿ ಹೊರಗೆ ಕೂರುವ ಅವರ ಶಿಕ್ಷೆಯ ಅವಧಿ ಮುಂದಿನದರಲ್ಲಿ 44ಕ್ಕೆ ಇಳಿಯಿತು. 19 ಗೋಲೂ ಬಂದವು. 2014ರ ಪ್ಲೇಆಫ್‌ನಲ್ಲಿ ಮತ್ತೊಬ್ಬರಿಗೆ ಮೊಣಕಾಲಿನಿಂದ ಹೊಡೆದು ಏಳು ಪಂದ್ಯ ಹೊರಗುಳಿದರು ಎಂಬುದನ್ನೂ ಹೇಳಲೇಬೇಕು. ಸ್ವಭಾವ ತಿದ್ದುವುದು ಕಾಫಿ ಗಿಡದ ಕಪಾತಿನಂತೆ, ಒಂದು ವರ್ಷ ಮಾಡಿ ಬಿಟ್ಟರೆ ಸಾಲದು.

ಮೈದಾನದ ಹಾಕಿಯಂತೂ ನಮ್ಮ ಕಾಫಿ ಸೀಮೆಗೆ ಹೊಸದಲ್ಲ. ಪಕ್ಕದ ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬ ಹಾಕಿ 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ಕುಟುಂಬಗಳ ತಂಡಗಳಿದ್ದವು. ಅದೇ ವರ್ಷದ ಆಗಸ್ಟ್ 4ರ ಭಾನುವಾರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್. ಮಳೆಗೆ ಕರೆಂಟ್ ಹೋಗಿತ್ತು; ಮನೆಮಂದಿಯೆಲ್ಲ ಒಂದೇ ಮೊಬೈಲಿನ ಸುತ್ತ ಕೂತಿದ್ದೆವು. 17ನೇ ನಿಮಿಷದಲ್ಲಿ ಭಾರತದ ಅಮಿತ್ ರೋಹಿದಾಸ್ ಅವರ ಸ್ಟಿಕ್ ಬ್ರಿಟನ್ನಿನ ವಿಲ್ ಕ್ಯಾಲ್ನನ್ ಅವರ ತಲೆಗೆ ತಾಗಿತು. ವಿಡಿಯೊ ನೋಡಿ ರೆಡ್ ಕಾರ್ಡ್ ಕೊಟ್ಟರು. ನಮ್ಮವರು ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಮಂದಿ ಆಡಿ 1–1ರಲ್ಲಿ ಹಿಡಿದು, ಶೂಟೌಟ್‌ನಲ್ಲಿ 4–2ರಿಂದ ಗೆದ್ದರು. ರೋಹಿದಾಸ್ ಅವರಿಗೆ ಸೆಮಿಫೈನಲ್ ತಪ್ಪಿತು, ಹಾಕಿ ಇಂಡಿಯಾದ ಮೇಲ್ಮನವಿ ತಿರಸ್ಕೃತವಾಯಿತು, ಜರ್ಮನಿಯೆದುರು 2–3ರಿಂದ ಸೋತೆವು. ಆ ಕಾರ್ಡ್ ಅತಿಯಾಯಿತೆಂದೇ ನಾನು ಇಂದಿಗೂ ನಂಬಿದ್ದೇನೆ. ಆದರೂ ಅಂದು ನಾವೆಲ್ಲ ಅಂಪೈರನ್ನು ಬೈಯುತ್ತಿದ್ದಾಗ ಅಡುಗೆಮನೆಯಿಂದ ಬಂದ ಅಮ್ಮ ಕೇಳಿದ್ದು ಒಂದೇ ಮಾತು: “ಪಾಪ, ಯಾರ ಮಗನೋ, ಜೋರಾಗಿ ತಾಗಿತಾ?” ನಮ್ಮಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ನಾವು ನೋಡಿದ್ದು ಕಾರ್ಡನ್ನು ಮಾತ್ರ.

ತೀರ್ಪುಗಾರರ ಕಣ್ಣು ತಪ್ಪುತ್ತದೆ. ನಮ್ಮೂರ ಹೊನಲು ಬೆಳಕಿನ ಕಬಡ್ಡಿಯಲ್ಲೂ ತಪ್ಪುತ್ತದೆ, ಒಲಿಂಪಿಕ್ಸ್‌ನಲ್ಲೂ ತಪ್ಪುತ್ತದೆ. ತಪ್ಪು ತೀರ್ಪನ್ನು ಪ್ರಶ್ನಿಸುವುದು ನ್ಯಾಯವೇ. ಆದರೆ ಸೀಟಿ ಊದುವುದು ಪೆಟ್ಟು ಬಿದ್ದ ಮೇಲೆ. ಅದಕ್ಕೆ ಮುಂಚಿನ ಅರೆಕ್ಷಣ ಹೊಡೆಯುವವನ ಕೈಯಲ್ಲೇ ಇರುತ್ತದೆ, ಅಲ್ಲಿಗೆ ಯಾವ ರೆಫರಿಯೂ ತಲುಪಲಾರ. ಅಲ್ಲಿಗೆ ತಲುಪುವುದು ಚಿಕ್ಕಂದಿನಲ್ಲಿ ಮನೆಯಲ್ಲಿ ಕೇಳಿದ ಮಾತು. ಈಗ ನಮ್ಮ ಕಾಫಿ ಕಣ ಖಾಲಿಯಿದೆ. ರಜೆಗೆ ಬಂದ ಮಕ್ಕಳು ಬೆಳಗಿನಿಂದ ಅಲ್ಲಿ ಕ್ರಿಕೆಟ್ ಆಡುತ್ತಿದ್ದಾರೆ. ಔಟೋ ಅಲ್ಲವೋ ಎಂದು ಆಗಲೇ ಎರಡು ಸಲ ಜಗಳವಾಗಿದೆ. ಅಮ್ಮ ಜಗುಲಿಯಲ್ಲಿ ಕೂತು ಹಲಸಿನ ಬೀಜ ಬಿಡಿಸುತ್ತಾ, ತಲೆಯೆತ್ತದೆಯೇ ಹೇಳಿದರು: “ಮಗಾ, ಬೀಸೋ ಮುಂಚೆ ಹಿಂದೆ ಯಾರಿದ್ದಾರೆ ನೋಡ್ಕೋ.” ವಿಕೆಟಿನ ಹಿಂದೆ ನಿಂತಿದ್ದುದು ಬ್ಯಾಟ್ ಹಿಡಿದಿದ್ದ ಹುಡುಗನ ಐದು ವರ್ಷದ ತಂಗಿ, ಬ್ಯಾಟಿಗೆ ತೀರ ಹತ್ತಿರ. ಹುಡುಗ ಬ್ಯಾಟ್ ಇಳಿಸಿ ತಿರುಗಿ ನೋಡಿದ. ಅವಳ ಭುಜ ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ಸರಿಸಿ, ಇನ್ನೊಂದು ಹೆಜ್ಜೆ ಎಂದು ಕೈ ತೋರಿಸಿ, ಆಮೇಲೆ ಚೆಂಡು ಹಾಕಲು ಹೇಳಿದ.