ಪ್ರಪಿತಾಮಹರ ಹೆಸರು



ಭಾದ್ರಪದ ಬಹುಳ ಪ್ರತಿಪತ್ತಿನಿಂದ ಅಮಾವಾಸ್ಯೆಯವರೆಗಿನ ದಿನಗಳು ಪಿತೃಗಳಿಗೆ ಮೀಸಲಾದ ಮಹಾಲಯ ಪಕ್ಷವೆಂಬುದು ಎಲ್ಲರಿಗೂ ವಿದಿತವಾದ ವಿಷಯ. ಈ ದಿನಗಳಲ್ಲಿ ನಾವು ಪದೇ ಪದೇ ಕಾಣುತ್ತಿರುವ ಒಂದು ಸಂಗತಿಯನ್ನು ಇಲ್ಲಿ ವಿಜ್ಞಾಪಿಸಬೇಕಾಗಿದೆ. ತಂದೆಯ ಕಾಲಾನಂತರ ಮೊದಲ ಸಲ ಪವಿತ್ರ ಧರಿಸಿ ಕುಳಿತ ಯುವಕನನ್ನು ಪುರೋಹಿತರು ಗೋತ್ರ ಕೇಳುತ್ತಾರೆ, ಹೇಳುತ್ತಾನೆ. ತಾತನ ಹೆಸರು ಕೇಳುತ್ತಾರೆ, ಅದನ್ನೂ ಹೇಳುತ್ತಾನೆ. ಮುತ್ತಾತನ ಹೆಸರು ಎಂದೊಡನೆ ಹಿಂದೆ ಕುಳಿತ ಚಿಕ್ಕಪ್ಪನ ಮುಖ ನೋಡುತ್ತಾನೆ. ಚಿಕ್ಕಪ್ಪನವರು ಸೋದರತ್ತೆಯ ಮುಖ ನೋಡುತ್ತಾರೆ. ಮುತ್ತಜ್ಜಿಯ ಹೆಸರಿನ ಮಾತಂತೂ ಹೇಳುವುದೇ ಬೇಡ. ಮನೆಯಲ್ಲಿ ಎಲ್ಲರೂ ಅವರನ್ನು ಕರೆದದ್ದು 'ಅಜ್ಜಿ' ಎಂದೇ.

ಯುವಕನನ್ನು ದೂಷಿಸಿ ಫಲವಿಲ್ಲ. ತಂದೆ ಬದುಕಿರುವವರೆಗೆ ಮಗನಿಗೆ ಪಿತೃತರ್ಪಣದ ಅಧಿಕಾರವಿಲ್ಲ. ಆದುದರಿಂದ ಈ ಹೆಸರುಗಳು ಅವನಿಗೆ ಬೇಕಾಗುವುದು ತಂದೆ ಹೋದ ಮೇಲೆಯೇ. ಹೇಳಿಕೊಡಬೇಕಾದವರು ಆಗ ಇರುವುದಿಲ್ಲ.

ಬ್ರಾಹ್ಮಣನು ಋಷಿಋಣ, ದೇವಋಣ, ಪಿತೃಋಣಗಳೊಡನೆಯೇ ಹುಟ್ಟುತ್ತಾನೆಂದು ತೈತ್ತಿರೀಯ ಸಂಹಿತೆಯು ತಿಳಿಸುತ್ತದೆ. ನಮ್ಮ ಸಂಪ್ರದಾಯದಲ್ಲಿ ಶ್ರಾದ್ಧವು ಕೇವಲ ಗತಿಸಿದವರ ಸ್ಮರಣೆಯಲ್ಲ. ತಂದೆಯು ವಸುರೂಪ, ತಾತನು ರುದ್ರರೂಪ, ಮುತ್ತಾತನು ಆದಿತ್ಯರೂಪ. ಆ ದೇವತೆಗಳ ಅಂತರ್ಗತನಾಗಿ ಕ್ರಮವಾಗಿ ಪ್ರದ್ಯುಮ್ನ, ಸಂಕರ್ಷಣ, ವಾಸುದೇವನೆಂಬ ಭಗವದ್ರೂಪಗಳ ಅನುಸಂಧಾನ. ಹಾಗಾಗಿ ನಾವು ಮರೆತಿರುವ ಆ ಮೂರನೆಯ ಹೆಸರು ವಾಸುದೇವನ ಸನ್ನಿಧಾನವನ್ನು ಚಿಂತಿಸಬೇಕಾದ ಸ್ಥಾನದಲ್ಲಿಯೇ ಇದೆ.

ಮಕ್ಕಳನ್ನು ಕೂರಿಸಿಕೊಂಡು ಹೆಸರುಗಳನ್ನು ಬಾಯಿಪಾಠ ಮಾಡಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದೆಂದೇ ನಮ್ಮ ಅಭಿಪ್ರಾಯ. ಊರನ್ನು ಕಾಣದ ಹೆಸರು ಪರೀಕ್ಷೆಗೆ ಓದಿದ ಇಸವಿಯಂತೆ ಬೇಗ ಅಳಿಸಿಹೋಗುತ್ತದೆ. ಮಹಾಲಯ ಮುಗಿದ ಬೆನ್ನಿಗೇ ಶಾಲೆಗಳಿಗೆ ದಸರಾ ರಜ ಬರುತ್ತದೆ. ಅದರಲ್ಲಿ ಒಂದು ದಿನವನ್ನು ಇದಕ್ಕಾಗಿ ತೆಗೆದಿಡಬೇಕು.

ಕೊಳ್ಳೇಗಾಲ, ಕುಂತೂರು, ಯಳಂದೂರಿನ ಕಡೆಯಿಂದ ಬಂದ ಮನೆತನಗಳಿಗೆ ಈ ಯಾತ್ರೆ ಕಷ್ಟದ್ದಲ್ಲ. ಮೈಸೂರಿನಿಂದ ಬೆಳಿಗ್ಗೆ ಹೊರಟರೆ ತಿರುಮಕೂಡಲಿನಲ್ಲಿ ಕಾವೇರೀ ಕಪಿಲೆಯರ ಸಂಗಮ. ಸಮೀಪದಲ್ಲಿಯೇ ಶ್ರೀವ್ಯಾಸರಾಜರ ಪರಂಪರೆಯ ಸೋಸಲೆ. ವಿಜಯನಗರದ ಅರಸರಿಂದ ಪೂಜಿತರಾಗಿ, 1539ರಲ್ಲಿ ವೃಂದಾವನಸ್ಥರಾದ ಆ ಮಹಾನುಭಾವರೂ ಇದೇ ಸೀಮೆಯ ಬನ್ನೂರಿನಲ್ಲಿ ಹುಟ್ಟಿದವರೆಂದು ಮಕ್ಕಳಿಗೆ ತಿಳಿಸಬೇಕು. ಅಲ್ಲಿಂದ ಮುಂದೆ ಕೊಳ್ಳೇಗಾಲ, ಕುಂತೂರು.

ಹಳೆಯ ಪತ್ರಗಳಿದ್ದರೆ ಮರೆಯದೆ ಜೊತೆಗೆ ಒಯ್ಯಿರಿ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನದು; 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ, ಅವರೂ ಮಾಧ್ವರೇ, ಜಹಗೀರಾಗಿ ಬಂದ ಸೀಮೆ. ತಾತನ ಕ್ರಯಪತ್ರದಲ್ಲಿ ಕೊಯಮತ್ತೂರು ಜಿಲ್ಲೆಯೆಂದು ಓದಿದ ಮೊಮ್ಮಗ ನಮ್ಮವರು ತಮಿಳರೇ ಎಂದು ಬೆರಗಾಗುತ್ತಾನೆ! ತಾತ ಎಲ್ಲಿಗೂ ಹೋಗಲಿಲ್ಲ, ಗಡಿ ಬದಲಾಯಿತು ಎಂದು ಆ ಮಣ್ಣಿನ ಮೇಲೆ ನಿಂತೇ ವಿವರಿಸಿದರೆ ಮಗು ಮರೆಯುವುದಿಲ್ಲ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ಊರಿಗೆ ಹೋದ ಹಿರಿಯರು ದಾರಿಯ ಗದ್ದೆಗಳನ್ನು ತೋರಿಸಿ, ಇದೆಲ್ಲ ನಮ್ಮದಾಗಿತ್ತು, ಹೋಯಿತು ಎನ್ನುವುದುಂಟು. ಓದು ಉದ್ಯೋಗಗಳಿಗಾಗಿ ಮೊದಲೇ ಪಟ್ಟಣ ಸೇರಿದವರು ಅನೇಕರು. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿಯ ಭೂಮಿ ಉಳುವವರ ಪಾಲಾಯಿತು. ಆ ನೋವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ಮುತ್ತಾತನು ಪಿಂಡಪ್ರದಾನಕ್ಕೆ ಬಳಸಿದ ಅಕ್ಕಿಯನ್ನು ಬೆಳೆದ ಕೈ ಯಾರದು? ಮಕ್ಕಳಿಗೆ ಪೂರ್ವಜರೊಡನೆ ಹಗೆತನವನ್ನೂ ಸೇರಿಸಿ ಕೊಡುವುದು ಪಿತೃಸೇವೆಯಲ್ಲ. ಗೇಣಿ ಮಾಡುತ್ತಿದ್ದವರ ಮನೆಯ ವೃದ್ಧರು ಇದ್ದರೆ ಮೊದಲು ಅವರನ್ನೇ ಕಾಣಿರಿ. ನಿಮ್ಮ ತಾತನ ನಡಿಗೆ, ಕೋಪ, ಮನೆಯ ಬಾವಿ ಇದ್ದ ಜಾಗ ಇವು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರಬಹುದು. ಮಲೆಮಹದೇಶ್ವರ ಸ್ವಾಮಿಯ ಕಥೆಯಲ್ಲಿ ಬರುವ ಕುಂತೂರು ಮಠದ ವಿಚಾರವನ್ನು ಅವರು ಹೇಳಿದರೆ ಅದನ್ನೂ ಮಕ್ಕಳು ಗೌರವದಿಂದ ಕೇಳಲಿ. ಅದು ಆ ಊರಿನ ಹೆಮ್ಮೆ.

ಮನೆ ಉಳಿದಿಲ್ಲದಿದ್ದರೆ ಹಿತ್ತಿಲಿದ್ದ ಜಾಗವಾದರೂ ಇದ್ದೇ ಇರುತ್ತದೆ. ಅಲ್ಲಿಯೇ ಎಲ್ಲಾದರೂ ನೆರಳಿನಲ್ಲಿ ಕುಳಿತು, ತಂದ ಬುತ್ತಿಯನ್ನು ಹರಿಗೆ ನಿವೇದಿಸಿ ಊಟ ಮಾಡಿದ ಮೇಲೆ ಮಕ್ಕಳ ಕೈಗೆ ಒಂದು ನೋಟ್ ಪುಸ್ತಕ ಕೊಡಿ. ತಂದೆಯ ಕಡೆ ಮೂರು ತಲೆ, ತಾಯಿಯ ಕಡೆ ಮೂರು ತಲೆ. ಶ್ರಾದ್ಧದಲ್ಲಿ ಮಾತಾಮಹ ವರ್ಗಕ್ಕೂ ಸ್ಥಾನವಿದೆಯಷ್ಟೆ. ಪ್ರತಿ ಹೆಸರಿನ ಪಕ್ಕದಲ್ಲಿ ಅವರ ಧರ್ಮಪತ್ನಿಯ ಹೆಸರು. ಗೊತ್ತಿಲ್ಲದ ಕಡೆ ಗೆರೆ ಬಿಟ್ಟು, ಊರಿಗೆ ಮರಳಿದೊಡನೆ ಸೋದರತ್ತೆಗೋ ದೊಡ್ಡಮ್ಮನಿಗೋ ದೂರವಾಣಿ ಮಾಡಿ ಕೇಳಿ ತುಂಬಿಸಲಿ. ಈ ಬರವಣಿಗೆಯನ್ನು ಮನೆಯ ಹೆಣ್ಣುಮಗುವಿಗೆ ವಹಿಸುವುದು ಮೇಲು. ಪುಸ್ತಕವನ್ನು ದೇವರ ಮನೆಯಲ್ಲಿ ಪಂಚಾಂಗದ ಜೊತೆಗಿಟ್ಟರೆ ಬೇಕಾದ ದಿನ ಪುರೋಹಿತರ ಕೈಗೆ ಸಿಗುತ್ತದೆ.

ಶ್ರೀಕೃಷ್ಣಾರ್ಪಣಮಸ್ತು